ಉಳ್ಳಾಗಡ್ಡಿ ಬೇರಿನ ತುದಿ: ಒಂದು ಹಳೆಯ ಮೈಕ್ರೋಸ್ಕೋಪ್ ರಿಪೇರಿಯಿಂದ 400 ಕೋಶ ಎಣಿಸುವವರೆಗೆ

ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾದ ವಾರ. ಪ್ರಥಮ ಪಿಯುಸಿಗೆ ಕೋಶ ವಿಭಜನೆಯ ಪಾಠ. ಬೋರ್ಡಿನ ಮೇಲೆ ಹಂತಕ್ಕೆ ಒಂದರಂತೆ ಐದು ವೃತ್ತ ಬರೆದೆ. ಇಂಟರ್‌ಫೇಸ್, ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಕೆಂಪು ಚಾಕಿನಲ್ಲಿ ವರ್ಣತಂತು, ಅಂದರೆ ಕ್ರೋಮೋಸೋಮ್. ಹಳದಿ ಚಾಕಿನಲ್ಲಿ ಅವನ್ನು ಎರಡು ಕಡೆಗೆ ಎಳೆಯುವ ಕದಿರಿನ (ಸ್ಪಿಂಡಲ್) ಎಳೆಗಳು. ಮಕ್ಕಳು ನೀಟಾಗಿ ಬರೆದುಕೊಂಡರು. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ.

"ಮೇಡಂ, ಒಂದನೇ ಗುಂಡಿನಿಂದ ಎರಡನೇದಕ್ಕ ಹೋಗೂದು ಯಾವಾಗ್ರಿ? ನಡುವ ಏನಿರತೈತಿ?"

ಬಾಯಲ್ಲಿ ಉತ್ತರ ಹೇಳಿದೆ. ಆದರೆ ಆ ಉತ್ತರ ಅವನಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಇದು ಬೋರ್ಡಿನಲ್ಲಿ ತೋರಿಸುವ ವಿಷಯವೇ ಅಲ್ಲ. ಉಳ್ಳಾಗಡ್ಡಿಯ ಬೇರಿನ ತುದಿ ಸಾಕು, ಕಣ್ಣಾರೆ ನೋಡಬಹುದು. ನಾನು ಎಂಎಸ್ಸಿ ಓದುವಾಗ ನೋಡಿದ್ದೆ. ಕೊಪ್ಪಳದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಕಾಲೇಜಿಗೆ ಬಂದು ನಾಲ್ಕು ವರ್ಷ ಆಯಿತು. ಒಬ್ಬ ಮಗುವಿಗೂ ತೋರಿಸಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಅವತ್ತು ಸಂಜೆಯೇ ಲ್ಯಾಬಿನ ಬೀರು ತೆಗೆದೆ. ಮುಂದಿನ ಮೂರು ವಾರ ಏನೇನು ಮಾಡಿದೆವು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬೇರೆ ಕಾಲೇಜಿನ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಹಾಕುತ್ತಿದ್ದೇನೆ.

ಮೈಕ್ರೋಸ್ಕೋಪ್

ಬೀರುವಿನಲ್ಲಿ ನಾಲ್ಕು ಇದ್ದವು. ಎರಡಕ್ಕೆ ಲೆನ್ಸೇ ಇಲ್ಲ. ಒಂದರ ಕಂಬ ಮುರಿದಿದೆ. ನಾಲ್ಕನೆಯದು ಪೂರ್ತಿ ಇತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಒಂದೇ ಕಣ್ಣಿನಲ್ಲಿ ನೋಡುವ ಹಳೆಯ ಮಾದರಿ. ಮೇಲೆ 10 ಎಕ್ಸ್ ಐಪೀಸ್, ಕೆಳಗೆ 10 ಎಕ್ಸ್ ಮತ್ತು 45 ಎಕ್ಸ್ ಆಬ್ಜೆಕ್ಟಿವ್. ಅಂದರೆ ಜಾಸ್ತಿ ಎಂದರೆ 450 ಪಟ್ಟು ದೊಡ್ಡದಾಗಿ ಕಾಣಬೇಕು. ಉಳ್ಳಾಗಡ್ಡಿಯ ವರ್ಣತಂತುಗಳಿಗೆ ಅಷ್ಟು ಧಾರಾಳ ಸಾಕು.

ತೊಂದರೆ ನಾಲ್ಕು. ದೊಡ್ಡ ತಿರುಪು ತಿರುಗುತ್ತಿರಲಿಲ್ಲ. 45 ಎಕ್ಸ್‌ನಲ್ಲಿ ಎಲ್ಲವೂ ಮಂಜು. ಬೆಳಕು ಕಡಿಮೆ ಜಾಸ್ತಿ ಮಾಡುವ ಐರಿಸ್ ಅಂಟಿಕೊಂಡಿತ್ತು. ಕೆಳಗಿನ ಕನ್ನಡಿಯ ಪಾದರಸ ಎದ್ದು ಹೋಗಿತ್ತು.

ತಿರುಪಿನಿಂದ ಶುರು ಮಾಡಿದೆ. ಹಲ್ಲುಪಟ್ಟಿಗೆ ಹಾಕಿದ್ದ ಗ್ರೀಸ್ ವರ್ಷಗಟ್ಟಲೆ ನಮ್ಮ ಬಿಸಿಲು ಕಂಡು ಗೋಂದಿನ ಹಾಗೆ ಗಟ್ಟಿಯಾಗಿತ್ತು. ಬಲ ಹಾಕಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ, ಅದನ್ನು ಮಾತ್ರ ಮಾಡಬೇಡಿ. ನಾಲ್ಕು ಸ್ಕ್ರೂ ಬಿಚ್ಚಿ ಕಂಬದಿಂದ ಕೊಳವೆ ಹೊರತೆಗೆದೆ. ನಮ್ಮ ಅಟೆಂಡರ್ ಅಣ್ಣ ಸೈಕಲ್ ಅಂಗಡಿಯಿಂದ ಒಂದು ಬಾಟಲಿ ತಳದಷ್ಟು ಚಿಮಣಿ ಎಣ್ಣೆ ತಂದುಕೊಟ್ಟರು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಎಣ್ಣೆ ಮುಟ್ಟಿಸಿ ಹಲ್ಲಿನ ಸಂದಿ ಸಂದಿ ತಿಕ್ಕಿದೆ. ಕಪ್ಪಾದ ಜಿಡ್ಡು ಪದರ ಪದರವಾಗಿ ಬಂತು. ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಹಿತ್ತಾಳೆ ಹೊಳೆಯಿತು.

ಹೊಸದಾಗಿ ಏನು ಹಚ್ಚಬೇಕು? ಮೊದಲು ಕೈಗೆ ಸಿಕ್ಕ ವ್ಯಾಸಲೀನ್ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಅದು ತೆಳುವಾಗಿ, ಕೊಳವೆ ತಾನೇ ಕೆಳಗೆ ಜಾರತೊಡಗಿತು. ಕೆಳಗೆ ಸ್ಲೈಡ್ ಇದ್ದರೆ ಒಡೆದೇ ಹೋಗುತ್ತಿತ್ತು. ಅದನ್ನು ಒರೆಸಿ, ಅದೇ ಸೈಕಲ್ ಅಂಗಡಿಯ ಗಟ್ಟಿ ಗ್ರೀಸ್ ಸಾಸಿವೆ ಕಾಳಿನಷ್ಟು ಹಚ್ಚಿದೆ. ಇನ್ನೂ ಸ್ವಲ್ಪ ಜಾರುತ್ತಿತ್ತು. ಈ ಹಳೆಯ ಮಾದರಿಗಳಲ್ಲಿ ಒಂದು ಉಪಾಯ ಇದೆ. ಎಡಗಡೆಯ ತಿರುಪನ್ನು ಗಟ್ಟಿ ಹಿಡಿದುಕೊಂಡು ಬಲಗಡೆಯದನ್ನು ಮುಂದಕ್ಕೆ ತಿರುಗಿಸಿದರೆ ಒಳಗಿನ ಬಿಗಿ ಹೆಚ್ಚುತ್ತದೆ. ಕಾಲು ಸುತ್ತಿಗೆ ಸರಿಹೋಯಿತು.

45 ಎಕ್ಸ್‌ನ ಮಂಜು ಏನು ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಐಪೀಸನ್ನು ಹೊರತೆಗೆದು ತಿರುಗಿಸಿ ಹಿಡಿದರೆ ಅದೇ ಒಳ್ಳೆಯ ಭೂತಗನ್ನಡಿ ಆಗುತ್ತದೆ. ಅದರಲ್ಲಿ ಆಬ್ಜೆಕ್ಟಿವ್‌ನ ಮೂತಿ ನೋಡಿದೆ. ಯಾವಾಗಲೋ ಯಾರೋ ಸ್ಲೈಡಿಗೆ ಮುಟ್ಟಿಸಿದ್ದ ಬಣ್ಣ ಅಲ್ಲೇ ಒಣಗಿ ಹೊಪ್ಪಳೆಯಾಗಿತ್ತು. ಲೆನ್ಸ್ ಪೇಪರ್ ಸುರುಳಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಸುವೇ ಮುಟ್ಟಿಸಿ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿದೆ. ಆರು ಸಲ. ಪ್ರತಿ ಸಲ ಹೊಸ ಪೇಪರ್. ಲೆನ್ಸನ್ನು ಆಲ್ಕೋಹಾಲಿನಲ್ಲಿ ನೆನೆಸಬಾರದು, ಒಳಗಿನ ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತದೆ. ಸೀರೆ ಸೆರಗಿನಲ್ಲಿ ಒರೆಸುವುದಂತೂ ಬೇಡ. ನಮ್ಮ ಕಡೆಯ ಧೂಳು ಸಣ್ಣ ಮರಳೇ, ಗೀರು ಬೀಳುತ್ತದೆ.

ಐರಿಸ್ ನನ್ನ ಕೈಗೆ ಬಗ್ಗಲಿಲ್ಲ. ಕೊಪ್ಪಳಕ್ಕೆ ಹೋದಾಗ ಜವಾಹರ ರಸ್ತೆಯ ಕಡೆ ಗಡಿಯಾರ ರಿಪೇರಿ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಹತ್ತು ನಿಮಿಷ ನೋಡಿದರು. ತೆಳ್ಳನೆಯ ತಗಡಿನ ಎಲೆಗಳನ್ನು ಒಂದೊಂದಾಗಿ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಜೋಡಿಸಿದರು. "ಇದಕ್ಕ ಎಣ್ಣಿ ಹಾಕಬ್ಯಾಡ್ರಿ ಅಕ್ಕಾರ. ಎಣ್ಣಿಗೆ ಧೂಳ ಕೂಡತೈತಿ, ಮತ್ತ ಹಿಡಕೊಂತೈತಿ" ಎಂದರು. ಯಾವುದಕ್ಕೆ ಎಂದು ಕೇಳಿದರು. ಉಳ್ಳಾಗಡ್ಡಿ ಬೇರು ಬೆಳೆಯುವುದನ್ನು ಮಕ್ಕಳಿಗೆ ತೋರಿಸುವುದಕ್ಕೆ ಎಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಫೋಟೋ ಬಂದರೆ ತೋರಿಸಿ ಎಂದರು, ಅಷ್ಟೆ.

ಕನ್ನಡಿಯ ಜಾಗಕ್ಕೆ ಮೊಬೈಲ್ ಅಂಗಡಿಯಲ್ಲಿ ಸಿಗುವ ಸಣ್ಣ ಯುಎಸ್‌ಬಿ ಎಲ್ಇಡಿ ದೀಪ ಕೂರಿಸಿದೆ. ಬರೀ ಎಲ್ಇಡಿ ಇಟ್ಟರೆ ಅದರ ಚುಕ್ಕೆಗಳೇ ಕಾಣುತ್ತವೆ. ಮೇಲೆ ಎರಡು ಪದರ ಬಟರ್ ಪೇಪರ್ ಅಂಟಿಸಿದ ಮೇಲೆ ಬೆಳಕು ಹಾಲಿನ ಹಾಗೆ ಹರಡಿತು. ಕರೆಂಟ್ ಹೋದರೆ ಪವರ್ ಬ್ಯಾಂಕ್. ಕನ್ನಡಿ ಇದ್ದಾಗ ಮೋಡ ಬಂದರೆ ಕ್ಲಾಸ್ ನಿಲ್ಲುತ್ತಿತ್ತು, ಈಗ ಆ ಚಿಂತೆ ಇಲ್ಲ.

ಬೇರು ಬರಲಿಲ್ಲ

ಮೈಕ್ರೋಸ್ಕೋಪ್ ನಾಲ್ಕು ದಿನದಲ್ಲಿ ಸರಿಹೋಯಿತು. ಉಳ್ಳಾಗಡ್ಡಿ ಹತ್ತು ದಿನ ಸತಾಯಿಸಿತು.

ಸಂತೆಯಲ್ಲಿ ಆಗ ಹೊಸ ಮಾಲು ಬರುತ್ತಿತ್ತು. ಮಳೆಗಾಲದ ಬೆಳೆ, ಕೆಂಪಗೆ ಹೊಳೆಯುವ ಗಡ್ಡೆ. ಒಳ್ಳೆಯವೇ ಆರು ಆರಿಸಿ, ಗಾಜಿನ ಲೋಟದ ಬಾಯಿ ಮೇಲೆ ಕೂರಿಸಿ, ಬುಡ ನೀರಿಗೆ ತಾಗುವಂತೆ ಇಟ್ಟೆ. ಐದು ದಿನವಾದರೂ ಒಂದಕ್ಕೂ ಬೇರಿಲ್ಲ. ಒಂದು ಕೊಳೆತು ನಾರಿತು. ನಮ್ಮಪ್ಪ ರೈತರು. ಫೋನಿನಲ್ಲಿ ಹೇಳಿದ ತಕ್ಷಣ ಅವರು ನಕ್ಕು, "ಈಗರ ಕಿತ್ತದ್ದು ಅದು, ಮಲಗಿರತೈತಿ. ಹಳೇದು ಹುಡುಕು" ಎಂದರು. ಹೌದಲ್ವಾ! ಕಿತ್ತ ಮೇಲೆ ಉಳ್ಳಾಗಡ್ಡಿಗೆ ಕೆಲವು ವಾರಗಳ ನಿದ್ದೆ ಇರುತ್ತದೆ. ಆ ನಿದ್ದೆ ಇರುವುದಕ್ಕೇ ಅದನ್ನು ಕೂಡಿಡಲು ಆಗುವುದು. ಕೋಶ ಚಕ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ವಿಭಜನೆ ಬೇಡದ ಕೋಶ ಚಕ್ರದಿಂದ ಹೊರಗೆ ಬಂದು ಸುಮ್ನೆ ಕೂರುತ್ತದೆ, ಪುಸ್ತಕದಲ್ಲಿ ಅದಕ್ಕೆ ಜಿ0 ಎನ್ನುತ್ತಾರೆ. ಅದು ಸತ್ತಿರುವುದಿಲ್ಲ. ಕರೆ ಬಂದರೆ ಏಳುತ್ತದೆ.

ನಮ್ಮ ಮನೆ ಮಾಲಕಿ ಅಜ್ಜಿಯ ಅಡುಗೆಮನೆ ಬುಟ್ಟಿಯ ತಳದಲ್ಲಿ ಹಳೆಯ ಉಳ್ಳಾಗಡ್ಡಿ ಸಿಕ್ಕವು. ತಲೆಯಲ್ಲಿ ಹಸಿರು ಮೊಳಕೆ ಇಣುಕುತ್ತಿತ್ತು. ಬುಡದ ಒಣ ಬೇರುಗಳನ್ನು ಬ್ಲೇಡಿನಲ್ಲಿ ತೆಳುವಾಗಿ ಹೆರೆದೆ. ಕೆಳಗಿನ ತಟ್ಟೆಯಂಥ ಭಾಗಕ್ಕೆ ಪೆಟ್ಟಾಗಬಾರದು, ಹೊಸ ಬೇರು ಹುಟ್ಟುವುದು ಅಲ್ಲಿಂದಲೇ. ಈ ಸಲ ನೀರನ್ನೂ ಬದಲಿಸಿದೆ. ನಮ್ಮ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಕುಡಿಯುವ ನೀರಿನ ಘಟಕದ ಕ್ಯಾನಿನಿಂದ ತಂದು ಹಾಕಿದೆ, ದಿನಾ ಬದಲಿಸಿದೆ. ನೀರಿನಿಂದ ವ್ಯತ್ಯಾಸವಾಯಿತೋ ಹಳೆಯ ಗಡ್ಡೆಯಿಂದಲೋ, ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಬಿಡಿಸಿ ಹೇಳಲಾರೆ. ಮೂರನೇ ದಿನ ಬಿಳಿ ಬೇರುಗಳು ಗಡ್ಡದ ಹಾಗೆ ಇಳಿದವು. ಎರಡು ಸೆಂಟಿಮೀಟರ್ ಆದಾಗ ಕತ್ತರಿಸಿದೆ.

ಔಷಧಿಗಳು

ಬೇರನ್ನು ಕತ್ತರಿಸಿದ ಕೂಡಲೇ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಬೇಕು. ಅದಕ್ಕೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಸಿಡ್. ಅವತ್ತಿನದು ಅವತ್ತೇ ಬೆರೆಸಬೇಕು. ಆಲ್ಕೋಹಾಲನ್ನು ಕೆಮಿಸ್ಟ್ರಿ ಸರ್ ತಮ್ಮ ಸ್ಟಾಕಿನಿಂದ ಅಳೆದು ಕೊಟ್ಟರು. ಅದರಲ್ಲಿ 24 ಗಂಟೆ, ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ.

ಬಣ್ಣಕ್ಕೆ ಅಸಿಟೋಕಾರ್ಮೈನ್. ಕಾರ್ಮೈನ್ ಪುಡಿ ಹುಬ್ಬಳ್ಳಿಯಿಂದ ತರಿಸಿದೆ. 45 ಮಿಲಿ ಅಸಿಟಿಕ್ ಆಸಿಡ್, 55 ಮಿಲಿ ನೀರು, 1 ಗ್ರಾಂ ಪುಡಿ. ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಸೋಸಬೇಕು. ಎಲ್ಲ ಕಿಟಕಿ ತೆಗೆದಿಟ್ಟೇ ಮಾಡಿ, ಘಾಟು ಮೂಗಿಗೆ ಹೊಡೆಯುತ್ತದೆ. ಈ ಕೆಂಪು ಬಣ್ಣ ಬರುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಸಣ್ಣ ಹುಳದಿಂದ. ನಮ್ಮ ಗುಡ್ಡದ ಬದಿಗೆಲ್ಲ ಪಾಪಾಸುಕಳ್ಳಿ ನೋಡಿ ಬೆಳೆದ ಮಕ್ಕಳಿಗೆ ಇದು ಬಹಳ ಹಿಡಿಸಿತು.

ಬಣ್ಣವೇ ಈ ಕಥೆಯ ಮೂಲವೂ ಹೌದು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿದರು. ಕೋಶಕೇಂದ್ರದಲ್ಲಿ ಬಣ್ಣ ಹೀರುವ ವಸ್ತು ಎಳೆ ಎಳೆಯಾಗಿ ಕಂಡಿತು. ಎಳೆಗೆ ಗ್ರೀಕ್ ಭಾಷೆಯಲ್ಲಿ ಮಿಟೋಸ್. 1882ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಈ ವಿಭಜನೆಯನ್ನು ಮೈಟಾಸಿಸ್ ಎಂದು ಕರೆದರು. ಕ್ರೋಮೋಸೋಮ್ ಎಂಬ ಹೆಸರು 1888ರಲ್ಲಿ ವಾಲ್ಡೆಯರ್ ಕೊಟ್ಟದ್ದು, ಅರ್ಥ ಬಣ್ಣದ ಕಾಯ. ನಮ್ಮ ವರ್ಣತಂತು ಎಂಬ ಮಾತಿನಲ್ಲಿ ಇಬ್ಬರೂ ಇದ್ದಾರೆ ನೋಡಿ. ವರ್ಣವೂ ಇದೆ, ತಂತುವೂ ಇದೆ.

ಮೂರನೆಯದು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್. ಇದು ಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟನ್ನು ಸಡಿಲ ಮಾಡುತ್ತದೆ. ಗಾಢ ಆಸಿಡ್ ಸುಮಾರು 8.5 ಮಿಲಿ, ನೀರು ಸೇರಿ ಒಟ್ಟು 100 ಮಿಲಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಇದನ್ನು ನಾನೇ ಮಾಡಿದೆ, ಮಕ್ಕಳ ಕೈಗೆ ಕೊಡಲಿಲ್ಲ.

ಏಳು ಸ್ಲೈಡ್ ಹಾಳು

ಮೊದಲ ಸ್ಲೈಡಿನಲ್ಲಿ ಕಂಡದ್ದು ಉದ್ದುದ್ದ ಇಟ್ಟಿಗೆಯಂಥ ಕೋಶಗಳು. ಒಂದೂ ವಿಭಜನೆ ಇಲ್ಲ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಸಂಜೆ ಆರೂವರೆಯವರೆಗೆ ಕೂತೆ, ಕಣ್ಣು ಉರಿಯಿತು.

ತಪ್ಪು ಎಲ್ಲಿ ಎಂದು ಮರುದಿನ ಗೊತ್ತಾಯಿತು. ಬೇರಿನ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ವಿಭಜನೆಯ ಜಾಗ. ಅದರ ಮೇಲಿನ ಕೋಶಗಳು ವಿಭಜನೆ ಮುಗಿಸಿ ಉದ್ದ ಬೆಳೆಯುತ್ತಿರುತ್ತವೆ. ನಾನು ಒಂದು ಸೆಂಟಿಮೀಟರ್ ತುಂಡು ಕತ್ತರಿಸಿದ್ದೆ. ಔಷಧಿಯಲ್ಲಿ ನೆಂದ ಮೇಲೆ ಎರಡು ಕೊನೆಯೂ ಒಂದೇ ಥರ ಕಾಣುತ್ತವೆ, ಹಾಗಾಗಿ ಬೇಡದ ಕೊನೆಯನ್ನು ಸ್ಲೈಡಿಗೆ ಇಟ್ಟಿದ್ದೆ. ಪರಿಹಾರ ಸುಲಭ. ಇಡೀ ತುಂಡನ್ನು ಮೊದಲು ಬಣ್ಣದಲ್ಲಿ ಹಾಕಿ. ಒಂದು ಕೊನೆ ಗಾಢ ಕೆಂಪಾಗುತ್ತದೆ. ಅಲ್ಲಿ ಕೋಶಗಳು ಸಣ್ಣವು, ಒತ್ತೊತ್ತಾಗಿವೆ, ಕೋಶಕೇಂದ್ರವೇ ಕೋಶ ತುಂಬ ಇದೆ, ಅದಕ್ಕೇ ಆ ಕೆಂಪು. ಆ ಕೆಂಪು ತುದಿಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಬಿಸಾಡಿ.

ನಾಲ್ಕನೆಯ ಸ್ಲೈಡಿನಲ್ಲಿ ಸರಿಯಾದ ಕೋಶಗಳು ಬಂದವು, ಆದರೆ ಒಂದರ ಮೇಲೊಂದು ರಾಶಿ. ಆಸಿಡ್ ಹದ ಸಾಲದು. ಸ್ಟೀಲ್ ಲೋಟದಲ್ಲಿ ಬಿಸಿನೀರು, ಅದರಲ್ಲಿ ಥರ್ಮಾಮೀಟರ್, 60 ಡಿಗ್ರಿಗೆ ಬಂದಾಗ ಆಸಿಡ್ ಇರುವ ಟ್ಯೂಬ್ ಇಳಿಸಿ ಐದು ನಿಮಿಷ. ಐದನೆಯ ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಬಿಸಿ ಮಾಡುವಾಗ ಕುದಿಸಿಬಿಟ್ಟೆ. ಕೈಯ ಹಿಂಬದಿಗೆ ಮುಟ್ಟಿಸಿದರೆ ಬೆಚ್ಚಗೆ ಅನ್ನಿಸಬೇಕು, ಚುರುಕ್ ಅನ್ನಬಾರದು. ಆರನೆಯದರಲ್ಲಿ ಹೆಬ್ಬೆರಳು ಪಕ್ಕಕ್ಕೆ ಜಾರಿ ಕೋಶಗಳೆಲ್ಲ ಸುರುಳಿ ಸುತ್ತಿದವು. ಏಳನೆಯದರ ಕವರ್ ಸ್ಲಿಪ್ಪೇ ಒಡೆಯಿತು.

ಒತ್ತುವ ಕ್ರಮ ಹೀಗೆ. ಕವರ್ ಸ್ಲಿಪ್ ಮೇಲೆ ಬೆಂಕಿಕಡ್ಡಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಕೆಂಪು ಚುಕ್ಕೆ ಮೋಡದ ಹಾಗೆ ಹರಡುವವರೆಗೆ ತಟ್ಟುತ್ತಿರಿ. ಆಮೇಲೆ ಮಡಚಿದ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಕೆಳಗೆ ಒತ್ತಿ. ರೊಟ್ಟಿ ತಟ್ಟುವ ಕೈಗೆ ಇದು ಬೇಗ ಬರುತ್ತದೆ. ನಮ್ಮ ತರಗತಿಯ ಹುಡುಗಿಯರು ನನಗಿಂತ ಚೆನ್ನಾಗಿ ಒತ್ತಿದರು.

ಇನ್ನೊಂದು ಗುಟ್ಟು. ಬಣ್ಣದಲ್ಲಿ ಬೇರನ್ನು ಕಲಕುವಾಗ ಕಬ್ಬಿಣದ ಸೂಜಿ ಬಳಸಿ, ತುಸು ತುಕ್ಕು ಹಿಡಿದಿದ್ದರೂ ಆದೀತು. ಕಬ್ಬಿಣದ ಅಂಶ ಕಾರ್ಮೈನ್ ಜೊತೆ ಸೇರಿ ವರ್ಣತಂತುವಿನ ಬಣ್ಣ ಗಾಢವಾಗುತ್ತದೆ. ಸ್ಟೀಲ್ ಸೂಜಿಯಲ್ಲಿ ಬಂದ ಪೇಲವ ಗುಲಾಬಿಗೂ ಇದಕ್ಕೂ ಅಜಗಜಾಂತರ.

ಇಷ್ಟಾದ ಮೇಲೂ ವಿಭಜನೆಯ ಕೋಶ ಅಲ್ಲೊಂದು ಇಲ್ಲೊಂದು. ಆ ಬೇರುಗಳನ್ನು ಕ್ಲಾಸ್ ಮುಗಿದ ಮೇಲೆ ಸಂಜೆ ನಾಲ್ಕಕ್ಕೆ ಕತ್ತರಿಸಿದ್ದೆ. ಪ್ರಯೋಗದ ಕೈಪಿಡಿಗಳು ಮುಂಜಾನೆ 8ರಿಂದ 10ರ ಒಳಗೆ ಎನ್ನುತ್ತವೆ. ಹಾಗಾದರೆ ನೋಡೋಣ ಎಂದು ಮರುದಿನ ಎಂಟೂವರೆಗೇ ಕಾಲೇಜಿಗೆ ಹೋದೆ. ಲ್ಯಾಬ್ ಬಾಗಿಲಲ್ಲಿ ಆರು ಮಕ್ಕಳು ಕಾಯುತ್ತಿದ್ದರು. ಅವರಲ್ಲಿ ಒಬ್ಬಳು ಕುಷ್ಟಗಿ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು.

ಕಂಡದ್ದು

10 ಎಕ್ಸ್‌ನಲ್ಲಿ ಹುಡುಕಿ 45 ಎಕ್ಸ್‌ಗೆ ತಿರುಗಿಸಿದೆ. ಐರಿಸ್ ತುಸು ಮುಚ್ಚಿದೆ. ಚಾಚಾ ಜೋಡಿಸಿದ ಎಲೆಗಳು ಬೆಣ್ಣೆಯ ಹಾಗೆ ಸರಿದವು. ಕಣ್ಣಿನ ನಡುವೆಯೇ ಒಂದು ಅನಾಫೇಸ್ ನಿಂತಿತ್ತು.

ವರ್ಣತಂತುಗಳ ಎರಡು ಗುಂಪು. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎಳೆಗಳ ತೋಳುಗಳು ಹಿಂದೆ ಬಿದ್ದು, ನಡುವಿನ ಭಾಗ ಮುಂದೆ ಹೋಗುತ್ತಿದ್ದ ಹಾಗೆ ಬಾಗಿದ್ದವು. ಸೀರೆಯ ನಡುವನ್ನು ಹಿಡಿದು ಎಳೆದರೆ ಎರಡು ಅಂಚು ಹಿಂದೆ ಬರುತ್ತವಲ್ಲ, ಹಾಗೆ. ನಾನು ಏನೂ ಹೇಳಲಿಲ್ಲ. ಎದ್ದು ಜಾಗ ಬಿಟ್ಟುಕೊಟ್ಟೆ. ಕೊನೆಯ ಬೆಂಚಿನ ಹುಡುಗ ಮೊದಲು ಕೂತ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೇಡಂ, ಇದು ಹೊಂಟೈತ್ರಿ" ಎಂದ.

ಅದು ಸತ್ತ ಕೋಶ, ಚಲಿಸುವುದಿಲ್ಲ. ಆದರೂ ಅವನು ಹೇಳಿದ್ದು ಸರಿ.

ಮೊಬೈಲನ್ನು ಐಪೀಸಿಗೆ ಹಿಡಿಯಲು ರಟ್ಟಿನ ಕೊಳವೆ ಮಾಡಿದೆವು. ಹಳೆಯ ಮೊಬೈಲ್ ಡಬ್ಬಿಯ ರಟ್ಟು, ಒಳಗೆ ಕಪ್ಪು ಕಾಗದ. ಐಪೀಸಿನಿಂದ ಕ್ಯಾಮೆರಾ ಒಂದು ಬೆರಳು ಅಗಲ ದೂರ ಇದ್ದಾಗ ವೃತ್ತ ಪೂರ್ತಿ ಬರುತ್ತದೆ. ಅದನ್ನು ಸ್ಮಾರ್ಟ್ ಕ್ಲಾಸ್ ಟಿವಿಗೆ ಜೋಡಿಸಿದಾಗ ಇಡೀ ತರಗತಿ ಒಟ್ಟಿಗೆ ನೋಡಿತು.

ನೋಡಿದ ಮೇಲೆ ಬಂದ ಪ್ರಶ್ನೆಗಳೇ ಬೇರೆ. "ಹಳದಿ ಎಳೆ ಎಲ್ಲಿ ಮೇಡಂ?" ನಾನು ಬೋರ್ಡಿನಲ್ಲಿ ಬರೆದಿದ್ದ ಕದಿರಿನ ಎಳೆಗಳು ಸ್ಲೈಡಿನಲ್ಲಿ ಇಲ್ಲ. ಕಾರ್ಮೈನ್ ಅದನ್ನು ಹಿಡಿಯುವುದಿಲ್ಲ. ಬಹಳ ವರ್ಷ ವಿಜ್ಞಾನಿಗಳೂ ಇದೇ ಪ್ರಶ್ನೆ ಕೇಳಿದ್ದಾರೆ, ಆ ಎಳೆಗಳು ನಿಜವೋ ಅಥವಾ ಔಷಧಿಯಿಂದ ಹುಟ್ಟಿದ ಭ್ರಮೆಯೋ ಎಂದು. 1953ರಲ್ಲಿ ಶಿನ್ಯಾ ಇನೂಯೆ ವಿಶೇಷ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಜೀವಂತ ಕೋಶದಲ್ಲೇ ಅವನ್ನು ತೋರಿಸಿದರು. "ಸೆಂಟ್ರಿಯೋಲ್ ಎಲ್ಲಿ?" ಅದು ಪ್ರಾಣಿ ಕೋಶದಲ್ಲಿ ಕದಿರಿನ ತುದಿಗೆ ಇರುವ ಸಣ್ಣ ಕಾಯ, ಉಳ್ಳಾಗಡ್ಡಿಗೆ ಇಲ್ಲವೇ ಇಲ್ಲ. ಅದಿಲ್ಲದೆಯೂ ಕದಿರು ಕಟ್ಟುತ್ತದೆ. ಟೀಲೋಫೇಸಿನಲ್ಲಿ ಎರಡು ಕೋಶಕೇಂದ್ರಗಳ ನಡುವೆ ತೆಳು ಗೆರೆ ಕಂಡಾಗ ಒಬ್ಬಳು ಅದನ್ನು ಗೀರು ಅಂದುಕೊಂಡಳು. ಗೀರಲ್ಲ, ಹೊಸ ಗೋಡೆ. ಸಸ್ಯಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ನಮ್ಮ ಕೋಶದ ಹಾಗೆ ನಡು ಹಿಂಡಿಕೊಂಡು ಎರಡಾಗಲು ಆಗದು. ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಗೋಡೆ ಕಟ್ಟಿಕೊಂಡು ಹೋಗುತ್ತದೆ.

ವರ್ಣತಂತುಗಳು ನಡುಗೆರೆಗೆ ಬಂದು ನಿಲ್ಲುವ ಮೆಟಾಫೇಸಿನಲ್ಲಿ ಅವನ್ನು ಎಣಿಸಲು ಹೋದರು. ಉಳ್ಳಾಗಡ್ಡಿಗೆ 16 ವರ್ಣತಂತು. ಒತ್ತು ಸರಿಯಾಗಿ ಬಿದ್ದ ಒಂದೇ ಕೋಶದಲ್ಲಿ 16 ಲೆಕ್ಕ ಸಿಕ್ಕಿತು, ಉಳಿದವುಗಳಲ್ಲಿ 13, 14 ಎಂದು ಜಗಳ. ಮನುಷ್ಯರದು 46 ಎಂದು ಖಚಿತವಾಗಿದ್ದೇ 1956ರಲ್ಲಿ. ಒಂದರ ಮೇಲೊಂದು ಬಿದ್ದ ಎಳೆಗಳನ್ನು ಎಣಿಸುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ಆಗ ಕೈಯಾರೆ ತಿಳಿಯಿತು. ಇದೇ ಮಾತಿಗೆ ಇ. ಕೆ. ಜಾನಕಿ ಅಮ್ಮಾಳ್ ಹೆಸರು ಹೇಳಿದೆ. ಕೇರಳದ ತಲಶ್ಶೇರಿಯಲ್ಲಿ ಹುಟ್ಟಿ, ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿ, 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಬೆಳೆಗಿಡಗಳ ವರ್ಣತಂತುಗಳ ದೊಡ್ಡ ಪಟ್ಟಿಯನ್ನೇ ಪುಸ್ತಕವಾಗಿ ತಂದವರು. ಗಿಡ ಗಿಡದ್ದೂ ಲೆಕ್ಕ ಅದರಲ್ಲಿದೆ. ಒಂದು ಉಳ್ಳಾಗಡ್ಡಿಗೆ ಇಷ್ಟು ಪಾಡು ಪಟ್ಟ ಹುಡುಗಿಯರು ಆ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ನಾನು ಬರೆಯಿರಿ ಎಂದಿರಲಿಲ್ಲ.

ನಡುವೆ ಏನಿರುತ್ತದೆ

ಕೊನೆಗೆ ಎಣಿಕೆ. ಟಿವಿಯ ಮೇಲೆ ಒಂದೊಂದೇ ಜಾಗ ತೋರಿಸುತ್ತ 400 ಕೋಶ ಎಣಿಸಿದೆವು. ಇಂಟರ್‌ಫೇಸ್ 362. ಪ್ರೋಫೇಸ್ 21. ಮೆಟಾಫೇಸ್ 6. ಅನಾಫೇಸ್ 4. ಟೀಲೋಫೇಸ್ 7.

ಮಕ್ಕಳಿಗೆ ಬೇಸರವಾಯಿತು. ಇಷ್ಟೊಂದು ಕಷ್ಟಪಟ್ಟು ಬರೀ 38 ಕೋಶ ವಿಭಜನೆಯಲ್ಲಿ ಇವೆಯಾ ಎಂದರು. ಆಗ ಕೊಪ್ಪಳದ ಬಸ್ ನಿಲ್ದಾಣದ ಮಾತು ತೆಗೆದೆ. ನಿಲ್ದಾಣದ ಒಂದು ಫೋಟೋ ತೆಗೆಯಿರಿ. ಬೆಂಚಿನ ಮೇಲೆ ಕಾಯುವವರು ನೂರು ಜನ, ಬಸ್ಸಿನ ಮೆಟ್ಟಿಲ ಮೇಲೆ ನಾಲ್ಕು ಜನ. ಮೆಟ್ಟಿಲು ಎಲ್ಲರೂ ಹತ್ತಲೇಬೇಕು. ಆದರೆ ಹತ್ತುವುದಕ್ಕೆ ಎರಡೇ ಕ್ಷಣ, ಕಾಯುವುದಕ್ಕೆ ಒಂದು ಗಂಟೆ. ಯಾವ ಕೆಲಸಕ್ಕೆ ಜಾಸ್ತಿ ಹೊತ್ತು ಬೇಕೋ ಅಲ್ಲಿ ಫೋಟೋದಲ್ಲಿ ಜಾಸ್ತಿ ಜನ. ನಮ್ಮ ಸ್ಲೈಡೂ ಒಂದು ಫೋಟೋ. ಹಾಗಾದರೆ ತಲೆ ಎಣಿಸಿ ಹೊತ್ತನ್ನು ತಿಳಿಯಬಹುದು.

ಲೆಕ್ಕಕ್ಕೆ ಇಡೀ ಚಕ್ರ 24 ಗಂಟೆ ಎಂದು ಇಟ್ಟುಕೊಂಡೆವು. ನಿಜವಾದ ಹೊತ್ತು ಬಿಸಿ ಚಳಿಗೆ ತಕ್ಕಂತೆ ಬದಲಾಗುತ್ತದೆ. 1440 ನಿಮಿಷವನ್ನು 400ರಿಂದ ಭಾಗಿಸಿದರೆ ಒಂದು ಕೋಶಕ್ಕೆ 3.6 ನಿಮಿಷ. ಪ್ರೋಫೇಸ್ ಸುಮಾರು 76 ನಿಮಿಷ, ಮೆಟಾಫೇಸ್ 22, ಅನಾಫೇಸ್ 14, ಟೀಲೋಫೇಸ್ 25. ಒಟ್ಟು ಎರಡು ಗಂಟೆ ಹದಿನೇಳು ನಿಮಿಷ. ಉಳಿದ ಇಪ್ಪತ್ತೊಂದೂಮುಕ್ಕಾಲು ಗಂಟೆ ಇಂಟರ್‌ಫೇಸ್. ನಾಲ್ಕು, ಆರು ಎಂಬ ಸಣ್ಣ ಎಣಿಕೆಯಿಂದ ಬಂದ ನಿಮಿಷಗಳು ಇವು, ಸ್ವಲ್ಪ ಹಿಂದೆ ಮುಂದೆ ಆಗುತ್ತವೆ ಎಂದೂ ಹೇಳಿದೆ.

ಹಾಗಾದರೆ ಆ ಅಷ್ಟು ಗಂಟೆ ಕೋಶ ಸುಮ್ನೆ ಕೂತಿರುತ್ತದಾ? ಸ್ಲೈಡ್ ನೋಡಿದರೆ ಹಾಗೇ ಅನ್ನಿಸುತ್ತದೆ, ದುಂಡಗಿನ ಕೆಂಪು ಕೋಶಕೇಂದ್ರ ಬಿಟ್ಟರೆ ಏನೂ ಇಲ್ಲ. 1953ರವರೆಗೆ ಬಹಳ ಜನ ಅದನ್ನು ವಿಶ್ರಾಂತಿಯ ಹೊತ್ತು ಎಂದೇ ಕರೆಯುತ್ತಿದ್ದರು. ಆ ವರ್ಷ ಲಂಡನ್ನಿನಲ್ಲಿ ಅಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ತಮ್ಮ ಕೆಲಸ ಪ್ರಕಟಿಸಿದರು. ಅವರೂ ಬೇರಿನ ತುದಿಯನ್ನೇ ಬಳಸಿದ್ದು, ಒಂದು ಜಾತಿಯ ಅವರೆಯದು. ವಿಕಿರಣ ಸೂಸುವ ರಂಜಕವನ್ನು ನೀರಿನಲ್ಲಿ ಕೊಟ್ಟು, ಕೋಶ ಅದನ್ನು ಡಿಎನ್ಎಗೆ ಸೇರಿಸಿಕೊಳ್ಳುವುದು ಯಾವಾಗ ಎಂದು ನೋಡಿದರು. ವಿಭಜನೆಯ ಹೊತ್ತಿನಲ್ಲಿ ಅಲ್ಲ. ಇಂಟರ್‌ಫೇಸಿನ ನಡುವಿನ ಒಂದು ಅವಧಿಯಲ್ಲಿ. ಅದೇ ಎಸ್ ಹಂತ. ಅದರ ಮುಂಚಿನ ಬಿಡುವು ಜಿ1, ನಂತರದ್ದು ಜಿ2.

ಎಸ್ ಹಂತದ ಕೆಲಸ ಎಷ್ಟು ದೊಡ್ಡದು ಎಂದು ಹುಡುಗರಿಗೆ ಸೀರೆ ಲೆಕ್ಕದಲ್ಲಿ ಹೇಳಿದೆ. ಉಳ್ಳಾಗಡ್ಡಿಯ ಒಂದು ಕೋಶದಲ್ಲಿ ಮನುಷ್ಯರ ಕೋಶಕ್ಕಿಂತ ಸುಮಾರು ಐದು ಪಟ್ಟು ಡಿಎನ್ಎ ಇದೆ. ಬಿಡಿಸಿ ಎಳೆದರೆ ಹತ್ತು ಮೀಟರಿಗೂ ಹೆಚ್ಚು, ಅಂದರೆ ಎರಡು ಸೀರೆ ಉದ್ದ. ಕಣ್ಣಿಗೆ ಕಾಣದ ಚುಕ್ಕೆಯೊಳಗೆ ಎರಡು ಸೀರೆ ಮಡಚಿಟ್ಟಿದೆ. ಎಸ್ ಹಂತದಲ್ಲಿ ಅದರ ಪ್ರತಿ ಎಳೆಗೂ ಜೋಡಿ ಎಳೆ ನೇಯಬೇಕು. ಆಮೇಲೆ ಗಂಟು ಬೀಳದ ಹಾಗೆ ಎರಡನ್ನೂ ಲಡಿ ಕಟ್ಟಬೇಕು. ನಾವು ಪ್ರೋಫೇಸ್ ಎಂದು ನೋಡಿದ್ದು ಆ ಲಡಿ ಕಟ್ಟುವ ಕೆಲಸ. ಉಳ್ಳಾಗಡ್ಡಿಯ ಲಡಿಗಳು ದಪ್ಪ, ಅದಕ್ಕೇ ನಮ್ಮ ಹಳೆಯ ಮೈಕ್ರೋಸ್ಕೋಪಿಗೂ ಸಿಕ್ಕವು.

ಎಣಿಸುವಾಗ ಒಂದು ಜಗಳ ಬಗೆಹರಿಯಲಿಲ್ಲ. ಒಂದು ಕೋಶದಲ್ಲಿ ಎಳೆಗಳು ದಪ್ಪಗಾಗಿದ್ದವು, ಕೋಶಕೇಂದ್ರದ ಅಂಚು ಕರಗಿತ್ತು, ಆದರೆ ಎಳೆಗಳು ನಡುಗೆರೆಗೆ ಇನ್ನೂ ಬಂದಿರಲಿಲ್ಲ. ಅರ್ಧ ತರಗತಿ ಪ್ರೋಫೇಸ್ ಎಂದಿತು, ಅರ್ಧ ಮೆಟಾಫೇಸ್ ಎಂದಿತು. ನನ್ನ ಕಡೆ ನೋಡಿದರು. ಕೆಲವರು ಅದಕ್ಕೆ ಪ್ರೋಮೆಟಾಫೇಸ್ ಎಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ ಎಂದೆ. ಈ ಹೊತ್ತಿನಲ್ಲಿ ಕೋಶ ಕಾಯುತ್ತದೆ. ಪ್ರತಿ ವರ್ಣತಂತುವನ್ನೂ ಎರಡೂ ಕಡೆಯ ಎಳೆಗಳು ಹಿಡಿದಿವೆಯೇ ಎಂದು ಪರೀಕ್ಷಿಸುತ್ತದೆ. ಒಂದು ಬಿಟ್ಟಿದ್ದರೂ ಮುಂದಕ್ಕೆ ಹೋಗದು. ಇಂಥ ಕಾವಲು ಇಡೀ ಚಕ್ರದಲ್ಲಿ ಇನ್ನೂ ಇವೆ. ಚಕ್ರವನ್ನು ಮುಂದೆ ನಡೆಸುವ ಪ್ರೋಟೀನುಗಳನ್ನು ಕಂಡುಹಿಡಿದ ಹಾರ್ಟ್‌ವೆಲ್, ಹಂಟ್, ನರ್ಸ್ ಅವರಿಗೆ 2001ರ ನೊಬೆಲ್ ಬಂತು. ಕಾವಲು ಕೆಟ್ಟ ಕೋಶಗಳು ತಡೆಯಿಲ್ಲದೆ ಒಡೆಯುತ್ತ ಹೋಗುವುದೇ ಕ್ಯಾನ್ಸರ್‌ನಲ್ಲಿ ನಡೆಯುವುದು. ಕಾಲೇಜಿನ ಹೂಕುಂಡದಲ್ಲಿರುವ ನಿತ್ಯಪುಷ್ಪದಿಂದ ತೆಗೆಯುವ ವಿಂಕ್ರಿಸ್ಟಿನ್ ಔಷಧಿ ಕದಿರು ಕಟ್ಟಲು ಬಿಡದೆ ಆ ಕೋಶಗಳನ್ನು ನಿಲ್ಲಿಸುತ್ತದೆ. ಇದನ್ನು ಹೇಳುವಾಗ ತರಗತಿ ತುಂಬ ಮೌನವಾಗಿತ್ತು. ಮನೆಯಲ್ಲಿ ಯಾರಾದರೂ ಆ ಕಾಯಿಲೆ ಕಂಡವರು ಇದ್ದಿರಬೇಕು.

ಕೊನೆಯ ಬೆಂಚಿನ ಹುಡುಗ ಮಾತ್ರ ಟಿವಿ ಬಿಟ್ಟು ಕದಲಲಿಲ್ಲ. "ಇದನ್ನ ಯಾವ ಖಾನೆಗೂ ಹಾಕಬ್ಯಾಡ್ರಿ ಮೇಡಂ" ಎಂದ. ಅವನ ಮಾತಿನಂತೆ ಆ ಕೋಶವನ್ನು 400ರಲ್ಲಿ ಸೇರಿಸಲಿಲ್ಲ. ಪಟ್ಟಿಯ ಕೆಳಗೆ "ನಡುವಿನದು, 1" ಎಂದು ಬೇರೆಯಾಗಿ ಬರೆದ.

ಆ ಸ್ಲೈಡಿನ ಅಂಚಿಗೆ ಉಗುರುಬಣ್ಣ ಹಚ್ಚಿ ಮುಚ್ಚಿದ್ದೇವೆ. ಕೆಲವು ದಿನ ಇರುತ್ತದೆ. ಅದರ ಫೋಟೋ ಪ್ರಿಂಟ್ ಹಾಕಿಸಿ ಶನಿವಾರ ಚಾಚಾಗೆ ಕೊಟ್ಟು ಬಂದೆ, ಅಂಗಡಿಯ ಗಾಜಿನೊಳಗೆ ಗಡಿಯಾರಗಳ ಪಕ್ಕ ಇಟ್ಟಿದ್ದಾರೆ. ಫ್ರಿಜ್‌ನಲ್ಲಿ ಇನ್ನೂ ಹನ್ನೆರಡು ತುದಿಗಳಿವೆ, ಸೀಸೆಯ ಮೇಲೆ "ಮುಂಜಾನೆ 8:40" ಎಂದು ಚೀಟಿ ಅಂಟಿಸಿದೆ. ಕಿಟಕಿಯ ಬಳಿ ಲೋಟದ ಮೇಲೆ ಈಗ ಬೆಳ್ಳುಳ್ಳಿ ಕೂರಿಸಿದ್ದೇವೆ. ಅದಕ್ಕೂ 16 ಇರಬೇಕು. ನಾಳೆಗೆ ಬೇರು ಎರಡು ಸೆಂಟಿಮೀಟರ್ ಆಗುತ್ತದೆ.